ಹೆಲ್ಸಿಂಕಿಯಲ್ಲಿ ನಾಲ್ಕು ದಿನ: ನೋಡಲು ಅಂಥದ್ದೇನೂ ಇಲ್ಲವೆನ್ನುತ್ತಾರೆ, ನಿಜವೇ?

ಸಪ್ತಾಪುರದ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ಮನೆಗೆ ಮೂರು ವಾರಕ್ಕೆಂದು ಹೊರಟಿರುವ ನಾನೂ ನನ್ನ ಮನೆಯವರೂ ಹೋಗುವ ದಾರಿಯಲ್ಲಿ, 2026ರ ಜೂನ್ 18ರ ಗುರುವಾರದಿಂದ 22ರ ಸೋಮವಾರದವರೆಗೆ, ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಉಳಿಯಬೇಕೆಂದು ಯೋಚಿಸಿದ್ದೇವೆ. ಕಾರಣ ಕೇಳಿದರೆ ನಗುತ್ತೀರಿ. ಅರುವತ್ತನೆಯ ಅಕ್ಷಾಂಶದಲ್ಲಿ ಜೂನ್ ತಿಂಗಳ ಹಗಲು ಹತ್ತೊಂಬತ್ತು ಗಂಟೆಯ ಹತ್ತಿರ ಇರುತ್ತದೆಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಗೋಲ ಬರೆದು ಮಕ್ಕಳಿಗೆ ಹೇಳಿದ್ದೇನೆ. ನಾನು ಮಾತ್ರ ಅದನ್ನು ಒಮ್ಮೆಯೂ ಕಂಡಿಲ್ಲ.

ಆದರೆ ಯುರೋಪು ಸುತ್ತಿ ಬಂದ ಪರಿಚಯದವರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ: ಅಲ್ಲಿ ನೋಡಲು ಅಂಥದ್ದೇನೂ ಇಲ್ಲ, ಒಂದು ದಿನಕ್ಕಿಂತ ಹೆಚ್ಚು ಕೊಡಬೇಡಿ, ಮಿಕ್ಕ ದಿನಗಳನ್ನು ಪ್ಯಾರಿಸ್ಸಿಗೋ ಸ್ವಿಟ್ಜರ್ಲೆಂಡಿಗೋ ಇಡಿ ಎಂದು. ನನ್ನ ಮನೆಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ, ಜೊತೆಗೆ ಮೊಣಕಾಲು ನೋವಿದೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ತಿಳಿಸಬೇಕು.

ಹೆಬ್ಬಾಳ ಮೇಲ್ಸೇತುವೆ

ಪರಿಚಯದವರು ಹೇಳಿದ್ದು ಸರಿಯಾಗಿದೆ. ನಾನು ಕಚೇರಿಯ ಕೆಲಸಕ್ಕೆ ಹೋದಾಗ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವನ್ನೂ ನೋಡಿ ಮುಗಿಸಿದ್ದೆ.

ಕಲ್ಲಿಯೋದ ಕನ್ನಡತಿ

ಮಧ್ಯಾಹ್ನಕ್ಕೆ ಮುಗಿಸಿದ ಆ "ಎಲ್ಲ" ಯಾವುದೆಂದು ತಿಳಿದುಕೊಳ್ಳುವ ಕುತೂಹಲ ನನಗಿದೆ. ಒಂಬತ್ತು ವರ್ಷದಿಂದ ಇದೇ ಊರಿನಲ್ಲಿದ್ದೇನೆ, ನನಗಿನ್ನೂ ಮುಗಿದಿಲ್ಲ.

ಮಾಸ್ತರರೇ, ಊರಿನ ಸುದ್ದಿಗಿಂತ ಮೊದಲು ನಿಮ್ಮ ದಿನಾಂಕದ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಅದೇ ದೊಡ್ಡ ತೊಡಕು. ಇಲ್ಲಿ ನಡುಬೇಸಿಗೆಯ ಹಬ್ಬಕ್ಕೆ ಯುಹನ್ನುಸ್ ಎನ್ನುತ್ತಾರೆ. ಜೂನ್ 20 ಮತ್ತು 26ರ ನಡುವೆ ಬರುವ ಶನಿವಾರ ಹಬ್ಬ, ಅದರ ಹಿಂದಿನ ಶುಕ್ರವಾರ ಹಬ್ಬದ ಮುನ್ನಾದಿನ. 2026ರಲ್ಲಿ ಆ ಶುಕ್ರವಾರ ಜೂನ್ 19ರಂದೇ ಬಂದಿದೆ. ಅಂದರೆ ನೀವು ಗುರುವಾರ ಬಂದಿಳಿಯುವ ಹೊತ್ತಿಗೆ ಊರಿನ ಜನ ಕಾರಿಗೆ ಸಾಮಾನು ತುಂಬಿಕೊಂಡು ಸರೋವರದ ದಂಡೆಯ ತಮ್ಮ ಬೇಸಿಗೆ ಮನೆಗಳಿಗೆ ಹೊರಟಿರುತ್ತಾರೆ. ಶುಕ್ರವಾರ ಮಧ್ಯಾಹ್ನದ ಮೇಲೆ ಮುಖ್ಯ ಬೀದಿಯಲ್ಲಿ ನಿಂತರೆ ನಿಮ್ಮ ಚಪ್ಪಲಿಯ ಸದ್ದು ನಿಮಗೇ ಕೇಳಿಸುತ್ತದೆ. ಹಲವು ಹೋಟೆಲುಗಳು, ವಸ್ತುಸಂಗ್ರಹಾಲಯಗಳು, ಸಣ್ಣ ಅಂಗಡಿಗಳು ಆ ಎರಡು ದಿನ ಬಾಗಿಲು ತೆಗೆಯುವುದಿಲ್ಲ. ಭಾನುವಾರ ಸಂಜೆ ಜನ ಹಿಂದಿರುಗುತ್ತಾರೆ, ಸೋಮವಾರ ಬಹಳಷ್ಟು ವಸ್ತುಸಂಗ್ರಹಾಲಯಗಳಿಗೆ ವಾರದ ರಜೆ, ಅಷ್ಟರಲ್ಲಿ ನೀವು ಹೊರಟುಬಿಡುತ್ತೀರಿ. ನೋಡಲು ಏನೂ ಇಲ್ಲವೆಂದು ಊರಿಗೆ ಹೋಗಿ ಹೇಳುವವರಲ್ಲಿ ಎಷ್ಟು ಜನ ಇದೇ ವಾರದಲ್ಲಿ ಬಂದವರೋ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ.

ಸಪ್ತಾಪುರದ ಮಾಸ್ತರ

ಅಯ್ಯೋ ದೇವರೇ, ಅತಿ ದೀರ್ಘ ಹಗಲು ಜೂನ್ 21ರ ಆಸುಪಾಸು ಎಂಬ ಒಂದೇ ಲೆಕ್ಕದಿಂದ ದಿನಾಂಕ ಹಿಡಿದಿದ್ದೆ. ಆ ಊರಿನವರೂ ಅದೇ ಲೆಕ್ಕದಿಂದ ಹಬ್ಬ ಮಾಡುತ್ತಾರೆಂಬುದು ಭೂಗೋಳದ ಮಾಸ್ತರನಿಗೇ ಹೊಳೆಯಲಿಲ್ಲ. ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ, ಅದೊಂದು ಪುಣ್ಯ.

ಲೆಕ್ಕದ ಪುಸ್ತಕ

ಟಿಕೆಟ್ ತೆಗೆಯುವ ಮೊದಲು ವೀಸಾ ನೋಡಿಕೊಳ್ಳಿ ಸರ್. ಮೊದಲು ಕಾಲಿಡುವ ದೇಶ ಫಿನ್‌ಲ್ಯಾಂಡ್ ಆಗಿರುವುದರಿಂದ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಆ ದೇಶಕ್ಕೇ ಅರ್ಜಿ ಹಾಕಬೇಕಾಗುತ್ತದೆ. ಶುಲ್ಕ ತಲೆಗೆ 90 ಯೂರೋ.

ಅಮ್ಮನೊಡನೆ ಪ್ರವಾಸ

ಶುಲ್ಕ ಸರಿ, ಉಳಿದದ್ದು ತಪ್ಪು. ಹೆಚ್ಚು ದಿನ ಯಾವ ದೇಶದಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮಸಮವಾಗಿ ಹಂಚಿಹೋದಾಗ ಮಾತ್ರ ಮೊದಲು ಕಾಲಿಡುವ ದೇಶದ ಲೆಕ್ಕ ಬರುತ್ತದೆ. ಮಾಸ್ತರರು ಮೂರು ವಾರ ಮಗಳ ಮನೆಯಲ್ಲಿ, ನಾಲ್ಕು ದಿನ ಹೆಲ್ಸಿಂಕಿಯಲ್ಲಿ ಇರುವುದರಿಂದ ಅರ್ಜಿ ಜರ್ಮನಿಗೇ ಹೋಗಬೇಕು. ಆ ವೀಸಾದಲ್ಲಿ ಹೆಲ್ಸಿಂಕಿಯ ಮೂಲಕ ಒಳಗೆ ಹೋಗಲು ಅಡ್ಡಿಯಿಲ್ಲ. ಎರಡು ದೇಶಗಳ ವಸತಿಯ ಕಾಗದಗಳನ್ನೂ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಲೆಕ್ಕದ ಪುಸ್ತಕ

ತಿದ್ದಿದ್ದಕ್ಕೆ ಕೃತಜ್ಞತೆಗಳು. ಹಾಗಿದ್ದರೆ ನಾನು ಬಲ್ಲ ವಿಷಯಕ್ಕೇ, ಅಂದರೆ ಖರ್ಚಿಗೆ, ಬರುತ್ತೇನೆ. ಅದು ಅಗ್ಗದ ಊರಲ್ಲ. ಒಂದು ಲೋಟ ಕಾಫಿಗೆ ಕೊಡುವ ದುಡ್ಡಿನಲ್ಲಿ ಧಾರವಾಡದಲ್ಲಿ ಇಬ್ಬರು ತಿಂಡಿ ತಿಂದು ಕಾಫಿ ಕುಡಿದು ಮಿಕ್ಕದ್ದಕ್ಕೆ ಬಾಳೆಹಣ್ಣು ಕೊಳ್ಳಬಹುದು. ಆದರೆ ವಾರದ ದಿನಗಳಲ್ಲಿ ಬೆಳಗಿನ ಹನ್ನೊಂದರಿಂದ ಎರಡು ಮೂರು ಗಂಟೆಯವರೆಗೆ ಹೆಚ್ಚಿನ ಹೋಟೆಲುಗಳಲ್ಲಿ "ಲೌನಾಸ್" ಎಂಬ ಮಧ್ಯಾಹ್ನದ ಊಟವಿರುತ್ತದೆ. ಬಡಿಸಿಕೊಂಡು ತಿನ್ನುವ ಪದ್ಧತಿ, ಬ್ರೆಡ್ಡು, ಸೊಪ್ಪು ತರಕಾರಿ, ಕಾಫಿ ಎಲ್ಲವೂ ಒಂದೇ ಬೆಲೆಯೊಳಗೆ ಬರುತ್ತವೆ. ರಾತ್ರಿ ಅದೇ ಹೋಟೆಲಿಗೆ ಹೋದರೆ ಬಿಲ್ಲು ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಆದ್ದರಿಂದ ದೊಡ್ಡ ಊಟವನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ. ಕುಡಿಯುವ ನೀರಿಗೆ ಒಂದು ಕಾಸನ್ನೂ ಖರ್ಚು ಮಾಡಬೇಡಿ, ನಲ್ಲಿಯ ನೀರೇ ಸಾಕು. ಬಾಯಾರಿಕೆಗೆ ಬೇರೇನಾದರೂ ಕೊಂಡರೆ ಖಾಲಿ ಡಬ್ಬಿ, ಬಾಟಲಿಯನ್ನು ಎಸೆಯಬೇಡಿ. ಡಬ್ಬಿಗೆ 15 ಸೆಂಟ್, ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ 20, ದೊಡ್ಡದಕ್ಕೆ 40 ಸೆಂಟ್ ಠೇವಣಿಯನ್ನು ಮೊದಲೇ ಹಿಡಿದಿರುತ್ತಾರೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಅದು ವಾಪಸು ಬರುತ್ತದೆ.

ನೀರಗಂಟಿ

ನಲ್ಲಿಯ ನೀರಿನ ಮಾತು ಬಂದದ್ದರಿಂದ ಸುಮ್ಮನಿರಲಾಗಲಿಲ್ಲ, ನನ್ನ ವೃತ್ತಿಯೇ ಅದು. ಹೆಲ್ಸಿಂಕಿಗೆ ನೀರು ಬರುವುದು ಪಾಯ್ಯಾನ್ನೆ ಎಂಬ ಸರೋವರದಿಂದ, ಬಂಡೆಯೊಳಗೆ ಕೊರೆದ 120 ಕಿಲೋಮೀಟರ್ ಉದ್ದದ ಸುರಂಗದ ಮೂಲಕ. 1982ರಲ್ಲಿ ಪೂರ್ಣಗೊಂಡ ಈ ಸುರಂಗ ಜಗತ್ತಿನ ಅತಿ ಉದ್ದದ ಸುರಂಗಗಳಲ್ಲೊಂದು. ಸರೋವರ ಎತ್ತರದಲ್ಲಿ, ಊರು ತಗ್ಗಿನಲ್ಲಿ ಇರುವುದರಿಂದ ನೀರು ತನ್ನ ಪಾಡಿಗೆ ತಾನು ಇಳಿದು ಬರುತ್ತದೆ. ಬೆಂಗಳೂರಿನವರು ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಏರಿಸಿಕೊಳ್ಳುತ್ತೇವೆ, ಅದರ ವಿದ್ಯುತ್ ಬಿಲ್ಲನ್ನು ನೆನೆದರೆ ನನಗೆ ಆ ಊರಿನ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಸುರಂಗ ಕಣ್ಣಿಗೆ ಕಾಣುವುದಿಲ್ಲ, ಪ್ರವಾಸಿಗರ ಪಟ್ಟಿಯಲ್ಲೂ ಇಲ್ಲ. ಮಾಸ್ತರರು ನಲ್ಲಿ ತಿರುಗಿಸಿದಾಗ ಒಮ್ಮೆ ನೆನೆದರೆ ಸಾಕು.

ಮಲ್ಪೆ ಕಡಲು

ಮಾಷ್ಟ್ರೇ, ನನ್ನದೊಂದು ದೂರು ಉಂಟು. ಸಮುದ್ರ ತೀರದ ರಾಜಧಾನಿ ಎಂದು ಕೇಳಿ ಆಸೆಯಿಂದ ಹೋದೆ. ಅಲ್ಲಿ ಸಮುದ್ರವೆಂದು ತೋರಿಸಿದ್ದರಲ್ಲಿ ತೆರೆಯಿಲ್ಲ, ಉಬ್ಬರವಿಳಿತವಿಲ್ಲ, ಬಾಯಿಗೆ ಹಾಕಿದರೆ ಉಪ್ಪೂ ಇಲ್ಲ! ನಮ್ಮ ಕಡೆ ಹೊಳೆಯ ಅಳಿವೆಯ ನೀರೇ ಅದಕ್ಕಿಂತ ಉಪ್ಪಾಗಿರುತ್ತದೆ. ಮಳೆಗಾಲದ ಮಲ್ಪೆಯ ಅಬ್ಬರ ಕೇಳಿ ಬೆಳೆದ ನನಗೆ ಅದು ದೊಡ್ಡದೊಂದು ಕೆರೆಯಂತೆ ಕಂಡಿತು. ನೀರು ಜೂನಿನಲ್ಲೂ ಐಸಿನಂತೆ ಇತ್ತು, ಪಾದ ಅದ್ದಿ ವಾಪಸು ಬಂದೆ.

ಕಲ್ಲಿಯೋದ ಕನ್ನಡತಿ

ಮಲ್ಪೆಯವರ ನಾಲಿಗೆ ಸುಳ್ಳು ಹೇಳುತ್ತಿಲ್ಲ. ಮಹಾಸಾಗರದ ನೀರಿನ ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಇಲ್ಲಿಯ ನೀರಿನಲ್ಲಿ ಐದಾರು ಗ್ರಾಂ ಇರಬಹುದು. ಬಾಲ್ಟಿಕ್ ಸಮುದ್ರಕ್ಕೆ ಹೊರಗಿನ ಉಪ್ಪುನೀರು ಬರುವ ದಾರಿ ಡೆನ್ಮಾರ್ಕಿನ ಬಳಿಯ ಕಿರಿದಾದ ಜಲಸಂಧಿಗಳು ಮಾತ್ರ; ಸಿಹಿನೀರು ತರುವ ನದಿಗಳು ಲೆಕ್ಕವಿಲ್ಲದಷ್ಟಿವೆ. ಹೀಗಾಗಿ ಸಿಹಿನೀರಿನ ಮೀನುಗಳೂ ಕಡಲ ಮೀನುಗಳೂ ಒಂದೇ ಕೊಲ್ಲಿಯಲ್ಲಿ ಬದುಕುತ್ತವೆ. ಚಳಿಗಾಲ ಬಿರುಸಾಗಿದ್ದರೆ ಇದೇ ನೀರು ಹೆಪ್ಪುಗಟ್ಟುತ್ತದೆ, ಜನ ಅದರ ಮೇಲೆ ನಡೆಯುತ್ತಾರೆ.

ಆದರೆ ತೆರೆಯಿಲ್ಲದಿರುವುದನ್ನೇ ದೋಷವೆಂದು ಎಣಿಸುವುದನ್ನು ನಾನು ಒಪ್ಪುವುದಿಲ್ಲ. ಊರಿನ ಎದುರಿಗೆ ಮುನ್ನೂರರಷ್ಟು ದ್ವೀಪಗಳು ಅಡ್ಡ ನಿಂತಿರುವುದರಿಂದ ಕಡಲು ಅಂಗಳದ ನೀರಿನಂತೆ ಶಾಂತವಾಗಿದೆ. ಆ ಶಾಂತಿಯಿಂದಲೇ ಟ್ರಾಮಿಗೆ ಕೊಂಡ ಟಿಕೆಟಿನಲ್ಲೇ ದೋಣಿ ಹತ್ತಿ ದ್ವೀಪಕ್ಕೆ ಹೋಗಿಬರಲು ಸಾಧ್ಯವಾಗಿದೆ. ಮಾರುಕಟ್ಟೆ ಚೌಕದ ದಕ್ಕೆಯಿಂದ ಹದಿನೈದು ನಿಮಿಷದಲ್ಲಿ ಸುವೊಮೆನ್‌ಲಿನ್ನಾ ತಲುಪುತ್ತೀರಿ. 1748ರಲ್ಲಿ ಸ್ವೀಡನ್ನಿನವರು ರಷ್ಯಾದ ಭಯದಿಂದ ಕಟ್ಟತೊಡಗಿದ ಜಲದುರ್ಗ ಅದು. ಅಷ್ಟೊಂದು ಕಲ್ಲು, ಅಷ್ಟೊಂದು ವರ್ಷ ಸುರಿದು ಕಟ್ಟಿದ ಕೋಟೆಯನ್ನು 1808ರಲ್ಲಿ ಹೆಚ್ಚಿನ ಕಾದಾಟವಿಲ್ಲದೆ ರಷ್ಯನ್ನರಿಗೇ ಒಪ್ಪಿಸಿಕೊಟ್ಟರು. 1918ರಲ್ಲಿ ಈಗಿನ ಹೆಸರು ಬಂತು, 1991ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕೋಟೆಯೊಳಗೆ ಇಂದಿಗೂ ಸುಮಾರು ಎಂಟುನೂರು ಜನ ಸಂಸಾರ ಹೂಡಿಕೊಂಡಿದ್ದಾರೆ, ಅವರ ಬಟ್ಟೆ ಒಣಗುವ ಹಗ್ಗದ ಪಕ್ಕದಲ್ಲೇ ಫಿರಂಗಿ ನಿಂತಿರುತ್ತದೆ. ದಕ್ಕೆಯಿಂದ ದಕ್ಷಿಣದ ತುದಿಯ ರಾಜದ್ವಾರದವರೆಗೆ ಒಂದೂವರೆ ಕಿಲೋಮೀಟರ್ ಆಗುತ್ತದೆ. ಕಲ್ಲು ಹಾಸಿದ ದಾರಿಯಾದ್ದರಿಂದ ಮನೆಯವರ ಮೊಣಕಾಲಿಗೆ ಗಟ್ಟಿ ಅಟ್ಟೆಯ ಬೂಟು ಬೇಕು. ಅವರು ನಡೆಯದಿದ್ದರೂ ಚಿಂತೆಯಿಲ್ಲ, ಹುಲ್ಲಿನ ದಿಬ್ಬದ ಮೇಲೆ ಕುಳಿತರೆ ಸ್ಟಾಕ್‌ಹೋಮಿಗೆ ಹೊರಟ ದೊಡ್ಡ ಹಡಗುಗಳು ಕಿರಿದಾದ ಕಾಲುವೆಯಲ್ಲಿ ಕೈಗೆ ಸಿಗುವಷ್ಟು ಹತ್ತಿರದಿಂದ ಹಾದುಹೋಗುತ್ತವೆ.

ಹೆಬ್ಬಾಳ ಮೇಲ್ಸೇತುವೆ

ಹುಲ್ಲಿನ ಮೇಲೆ ಕುಳಿತು ಹಡಗು ನೋಡುವುದಕ್ಕೆ ಏಳು ಸಾವಿರ ಕಿಲೋಮೀಟರ್ ಹೋಗಬೇಕೇ? ನಾನು ನೋಡಿದ್ದನ್ನು ಹೇಳುತ್ತೇನೆ. ಬಿಳಿಯ ಚರ್ಚೊಂದು, ಕೆಂಪು ಚರ್ಚೊಂದು, ಬಂಡೆಯೊಳಗಿನ ಚರ್ಚೊಂದು. ಬಾದಾಮಿಯ ಗುಹೆಗಳನ್ನು ನೋಡಿದ ಕನ್ನಡಿಗರಿಗೆ ಸಿಡಿಮದ್ದು ಇಟ್ಟು ಬಂಡೆ ಒಡೆದು 1969ರಲ್ಲಿ ಮುಗಿಸಿದ ಚರ್ಚನ್ನು ತೋರಿಸಿ ಬೆರಗಾಗಿರಿ ಎಂದರೆ ಹೇಗೆ?

ಅಮ್ಮನೊಡನೆ ಪ್ರವಾಸ

ಎರಡನ್ನೂ ತಕ್ಕಡಿಗೆ ಹಾಕಿದವರು ಯಾರು? ಬಾದಾಮಿಯಲ್ಲಿ ಕಲ್ಲಿನಿಂದ ದೇವರನ್ನು ಬಿಡಿಸಿದರು, ಇಲ್ಲಿ ಕಲ್ಲನ್ನು ಕಲ್ಲಾಗಿಯೇ ಬಿಟ್ಟಿದ್ದಾರೆ. ತೆಂಪೆಲಿಯೌಕಿಯೊ ಎಂಬ ಆ ಬಂಡೆಯ ಚರ್ಚಿನಲ್ಲಿ ಗೋಡೆಯನ್ನು ನುಣುಪು ಮಾಡದೆ, ಮೇಲೆ ತಾಮ್ರದ ದೊಡ್ಡ ಗುಮ್ಮಟವಿಟ್ಟು, ಗುಮ್ಮಟಕ್ಕೂ ಬಂಡೆಗೂ ನಡುವೆ ಗಾಜು ಕೂರಿಸಿ ಬೆಳಕನ್ನು ಸುತ್ತಲಿಂದ ಇಳಿಯಬಿಟ್ಟಿದ್ದಾರೆ. ನನ್ನ ಅಮ್ಮ ಅಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಕುಳಿತಿದ್ದರು. ಯಾರೋ ಪಿಯಾನೋ ನುಡಿಸುತ್ತಿದ್ದರು. ಹೊರಗೆ ಬಂದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ನಮ್ಮ ದೇವಸ್ಥಾನದಲ್ಲಿ ಹೀಗೆ ಯಾರೂ ಮುಂದೆ ನಡೀರಿ ಅಂತ ತಳ್ಳದೆ ಕೂತದ್ದು ನೆನಪಿಲ್ಲ ಕಣೇ."

ವಿಭಕ್ತಿ

ಕಟ್ಟಡಗಳ ಜಗಳದ ನಡುವೆ ಭಾಷೆಯನ್ನು ಯಾರೂ ಕೇಳುತ್ತಿಲ್ಲ. ಫಿನ್ನಿಷ್ ಯುರೋಪಿನ ಹೆಚ್ಚಿನ ಭಾಷೆಗಳ ಬಳಗಕ್ಕೆ ಸೇರಿದ್ದಲ್ಲ. ನಮ್ಮ ಕನ್ನಡದಂತೆಯೇ ಪದದ ಕೊನೆಗೆ ಪ್ರತ್ಯಯ ಹಚ್ಚುತ್ತಾ ಹೋಗುವ ಭಾಷೆ. "ತಲೊ" ಎಂದರೆ ಮನೆ, "ತಲೊಸ್ಸ" ಎಂದರೆ ಮನೆಯಲ್ಲಿ, "ತಲೊಸ್ತ" ಎಂದರೆ ಮನೆಯೊಳಗಿಂದ. ಹ್ರಸ್ವ ದೀರ್ಘ, ಒತ್ತಕ್ಷರ ಇವುಗಳಲ್ಲಿ ತಪ್ಪಿದರೆ ಅರ್ಥವೇ ಬದಲಾಗುತ್ತದೆ. "ಕುಕ" ಎಂದರೆ ಯಾರು, "ಕುಕ್ಕ" ಎಂದರೆ ಹೂವು. "ತಪಾನ್ ಸಿನುತ್" ಎಂದರೆ ನಿಮ್ಮನ್ನು ಭೇಟಿಯಾಗುತ್ತೇನೆ ಎಂದು. ದೀರ್ಘವನ್ನು ನುಂಗಿ "ತಪನ್ ಸಿನುತ್" ಎಂದರೆ ನಿಮ್ಮನ್ನು ಕೊಲ್ಲುತ್ತೇನೆ ಎಂದು. ಇನ್ನೂ ಸ್ವಾರಸ್ಯದ ಸಂಗತಿ ಊರಿನ ಹೆಸರಿನಲ್ಲೇ ಇದೆ. ಹೆಲ್ಸಿಂಕಿಗೆ ಸಪ್ತಮಿಯ ಪ್ರತ್ಯಯ ಹತ್ತಿದರೆ "ಹೆಲ್ಸಿಂಗಿಸ್ಸ್ಯಾ" ಆಗುತ್ತದೆ, ಕಕಾರ ಹೋಗಿ ಗಕಾರ ಬರುತ್ತದೆ. ಮಳೆ, ಕಾಲ ಸೇರಿ ಮಳೆಗಾಲವಾಗುವ ನಮ್ಮ ಆದೇಶಸಂಧಿಯನ್ನು ಕಲಿಸಿದ ಮೇಷ್ಟ್ರುಗಳು ಇದನ್ನು ಕೇಳಿದರೆ ಕುಣಿದಾಡುತ್ತಾರೆ.

ಕಲ್ಲಿಯೋದ ಕನ್ನಡತಿ

ಬರೆಯುವಾಗ ಗಕಾರ, ನುಡಿಯುವಾಗ ಅಲ್ಲ! ಬಾಯಲ್ಲಿ ಅದು ಙಕಾರದ ದ್ವಿತ್ವ: "ಹೆಲ್ಸಿಙ್ಙಿಸ್ಸ್ಯಾ". ನಮ್ಮ ವರ್ಣಮಾಲೆಯಲ್ಲಿ ತಲೆತಲಾಂತರದಿಂದ ಕೆಲಸವಿಲ್ಲದೆ ಕುಳಿತ ಅಕ್ಷರಕ್ಕೆ ಕೊನೆಗೂ ಇಲ್ಲಿ ಉದ್ಯೋಗ ಸಿಕ್ಕಿತೆಂದು ನಾನು ತರಗತಿಯಲ್ಲಿ ನಕ್ಕಾಗ ನಮ್ಮ ಶಿಕ್ಷಕಿಗೆ ಏನೂ ಅರ್ಥವಾಗಲಿಲ್ಲ.

ವಿಭಕ್ತಿ

ಒಪ್ಪಿದೆ, ಶಿರಬಾಗಿದೆ. ಎರಡು ಭಾಷೆಗಳಿಗೂ ನಂಟು ಇದೆಯೆಂದು ಯಾರೂ ಹೊರಡಬಾರದು, ಹೋಲಿಕೆ ರಚನೆಯದ್ದು ಮಾತ್ರ. ಬೀದಿಯ ಫಲಕಗಳೆಲ್ಲ ಫಿನ್ನಿಷ್, ಸ್ವೀಡಿಷ್ ಎರಡರಲ್ಲೂ ಇರುತ್ತವೆ. ಜನಸಂಖ್ಯೆಯಲ್ಲಿ ಸ್ವೀಡಿಷ್ ನುಡಿಯುವವರು ಚಿಕ್ಕ ಪಾಲು, ಆದರೂ ಅದಕ್ಕೆ ರಾಷ್ಟ್ರಭಾಷೆಯ ಸ್ಥಾನವಿದೆ. ಫಲಕಗಳ ಬಗ್ಗೆ ನಮ್ಮಲ್ಲಿ ನಡೆಯುವ ಗದ್ದಲವನ್ನು ನೆನೆದುಕೊಂಡು ನಾನು ಪ್ರತಿ ಬೀದಿಯ ಮೂಲೆಯಲ್ಲೂ ಒಂದು ಫೋಟೋ ತೆಗೆದೆ.

ಗರಡಿಮನೆ ಬೆಳಗಾವಿ

ಮಾಸ್ತರರಿಗೆ ನನ್ನ ಒಂದೇ ವಿನಂತಿ, ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಗದೆ ಬರಬೇಡಿ. 1952ರಲ್ಲಿ ಇದೇ ಊರಿನಲ್ಲಿ ಕರಾಡದ ಕಡೆಯ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಊರವರು ವಂತಿಗೆ ಎತ್ತಿ ಅವರನ್ನು ಕಳಿಸಿದ್ದರೆಂದು ನಮ್ಮ ಗರಡಿಯ ಹಿರಿಯರು ಮೊನ್ನೆ ಮೊನ್ನೆಯ ಸಂಗತಿಯೆಂಬಂತೆ ಹೇಳುತ್ತಿದ್ದರು. ಅದೇ ಕ್ರೀಡಾಕೂಟದ ಹಾಕಿ ಅಂತಿಮ ಪಂದ್ಯದಲ್ಲಿ ನೆದರ್ಲೆಂಡ್ಸನ್ನು 6-1ರಿಂದ ಸೋಲಿಸಿದೆವು, ಆರರಲ್ಲಿ ಐದು ಗೋಲು ಬಲ್ಬೀರ್ ಸಿಂಗ್ ಅವರೊಬ್ಬರದೇ. ಕ್ರೀಡಾಂಗಣದ ಗೋಪುರ 72.71 ಮೀಟರ್ ಎತ್ತರವಿದೆ. ಈ ವಿಚಿತ್ರ ಅಳತೆ ಎಲ್ಲಿಂದ ಬಂತೆಂದರೆ, 1932ರ ಒಲಿಂಪಿಕ್ಸಿನಲ್ಲಿ ಮಟ್ಟಿ ಯಾರ್ವಿನೆನ್ ಎಂಬ ಫಿನ್ ಎಸೆದ ಈಟಿ ಅಷ್ಟೇ ದೂರ ಹೋಗಿತ್ತು. ಈಟಿ ಎಸೆದದ್ದನ್ನು ನೆಟ್ಟಗೆ ನಿಲ್ಲಿಸಿ ಗೋಪುರ ಮಾಡಿದ ಜನರನ್ನು ನಾನು ನೀರಸರೆಂದು ಒಪ್ಪುವುದಿಲ್ಲ.

ಹೆಬ್ಬಾಳ ಮೇಲ್ಸೇತುವೆ

ಇದು ನನಗೆ ಗೊತ್ತಿರಲಿಲ್ಲ. ನಾನು ಆ ಕಡೆ ಹೋಗಿಯೇ ಇಲ್ಲ.

ಕಲ್ಲಿಯೋದ ಕನ್ನಡತಿ

ಮಧ್ಯಾಹ್ನಕ್ಕೆ ಎಲ್ಲ ಮುಗಿದಿತ್ತಲ್ಲವೇ!

ಸಪ್ತಾಪುರದ ಮಾಸ್ತರ

ಜಗಳ ಬೇಡಿ, ನನಗೆ ಇಬ್ಬರೂ ಬೇಕು. ಮನೆಯವರ ಊಟದ ಬಗ್ಗೆ ಯಾರಾದರೂ ಬಿಡಿಸಿ ಹೇಳಿರಿ. ಅವರ ಒಂದೇ ಪ್ರಶ್ನೆ, ಮೊಸರು ಸಿಗುತ್ತದೆಯೇ ಎಂಬುದು.

ಅಮ್ಮನೊಡನೆ ಪ್ರವಾಸ

ಸಿಗುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ಬಗೆಗಳಲ್ಲಿ ಸಿಗುತ್ತದೆ, ಅದೇ ಕಷ್ಟ. ಅಂಗಡಿಯ ಹಾಲಿನ ಕಪಾಟಿನ ಒಂದು ಇಡೀ ಗೋಡೆಯ ಮುಂದೆ ಅಮ್ಮನೂ ನಾನೂ ಕಾಲುಗಂಟೆ ನಿಂತಿದ್ದೆವು. ಸಪ್ಪೆಯ ಮೊಸರು ಬೇಕಾದರೆ "ಮೌಸ್ತಮತೋನ್ ಯೋಗುರ್ತ್ತಿ" ಎಂದು ಬರೆದದ್ದನ್ನು ತೆಗೆದುಕೊಳ್ಳಬೇಕು. "ಪೀಮ್ಯಾ" ಎಂಬುದು ಮಜ್ಜಿಗೆಯ ಹತ್ತಿರದ್ದು, ಉಪ್ಪು, ಶುಂಠಿ, ಕರಿಬೇವು ನಾವೇ ಹಾಕಿಕೊಂಡರೆ ಸೊಗಸಾಗಿರುತ್ತದೆ. "ವೀಲಿ" ಎಂಬುದನ್ನು ಮಾತ್ರ ಗೊತ್ತಿಲ್ಲದೆ ಅನ್ನಕ್ಕೆ ಕಲಸಬೇಡಿ, ಅದು ಚಮಚದಿಂದ ಎತ್ತಿದರೆ ನೂಲಿನಂತೆ ಎಳೆಯಾಗಿ ಬರುತ್ತದೆ.

ಇಳಿದುಕೊಳ್ಳಲು ಅಡುಗೆಮನೆ ಇರುವ ಕೊಠಡಿಯನ್ನೇ ಹಿಡಿಯಿರಿ. ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ ಹಕನಿಯೆಮಿ ಎಂಬ ಬಡಾವಣೆಯ ಏಷ್ಯಾ ಅಂಗಡಿಗಳಲ್ಲಿ ಸಿಗುತ್ತವೆ. ಹೊರಗೆ ಉಣ್ಣುವುದಾದರೆ ಆ ಊರಿನಲ್ಲಿ ನೇಪಾಳಿಗಳ ಹೋಟೆಲುಗಳು ಬಹಳ ಇವೆ, ಭಾರತೀಯ ಹೋಟೆಲು ಹುಡುಕಿ ಸೋತವರು ಅಲ್ಲಿಗೇ ಹೋಗುತ್ತಾರೆ. ಕರೇಲಿಯಾದ ಪೀರಕ್ಕ ಎಂಬ ತಿಂಡಿಯಿದೆ, ರೈ ಎಂಬ ಧಾನ್ಯದ ಹಿಟ್ಟಿನ ತೆಳು ದೊನ್ನೆಯಲ್ಲಿ ಅನ್ನದ ಗಂಜಿ ತುಂಬಿ ಬೇಯಿಸಿದ್ದು. ಅದರ ಮೇಲೆ ಮೊಟ್ಟೆ ಕಲಸಿದ ಬೆಣ್ಣೆಯನ್ನು ಸವರಿ ಕೊಡುವ ರೂಢಿ ಇರುವುದರಿಂದ ಬೆಣ್ಣೆಯಿಲ್ಲದೆ ಕೊಡಿ ಎಂದು ಮೊದಲೇ ಹೇಳಬೇಕು. ಹಿಟ್ಟಿಗೆ, ಗಂಜಿಗೆ ಏನು ಹಾಕಿದ್ದಾರೆಂದೂ ಕೇಳಿ. ಮಾರುಕಟ್ಟೆ ಚೌಕದಲ್ಲಿ ಎಲ್ಲರೂ ಹೊಗಳುವ ಸಾರು ಸಾಲ್ಮನ್ ಮೀನಿನದು, ಅಲ್ಲಿ ನಿಮಗೆ ಏನೂ ಇಲ್ಲ. ಏನೇ ಕೊಂಡರೂ ಬಯಲಲ್ಲಿ ಕೈಯಲ್ಲಿ ಹಿಡಿದು ನಿಲ್ಲಬೇಡಿ. ಅಲ್ಲಿಯ ಕಡಲಹಕ್ಕಿಗಳು ನಮ್ಮ ಊರಿನ ಮಂಗಗಳಿಗೆ ಪಾಠ ಹೇಳುವಂಥವು, ನನ್ನ ಕೈಯ ಐಸ್‌ಕ್ರೀಮು ಎರಡನೆಯ ತುತ್ತಿಗೇ ಹೋಯಿತು.

ತೋಟದ ಏಲಕ್ಕಿ

ಸಕಲೇಶಪುರದವನ ಒಂದು ಸಾಕ್ಷ್ಯ. ಬೇಕರಿಯ ಬಾಗಿಲು ತೆರೆದೊಡನೆ ಏಲಕ್ಕಿ ಒಣಗಿಸುವ ನಮ್ಮ ಒಣಗೂಡಿನ ವಾಸನೆ ಬಂತು. ಫಿನ್ನರು ಸಿಹಿ ಬ್ರೆಡ್ಡಿಗೆಲ್ಲ ಏಲಕ್ಕಿಯನ್ನು ದಪ್ಪಗೆ ಕುಟ್ಟಿ ಧಾರಾಳವಾಗಿ ಹಾಕುತ್ತಾರೆ. ದಾಲ್ಚಿನ್ನಿಯ ಸುರುಳಿಯೊಂದಕ್ಕೆ ಅವರು ಇಟ್ಟ ಹೆಸರು "ಕೊರ್ವಪೂಸ್ತಿ", ಅದರ ಅರ್ಥ ಕಿವಿಯ ಮೇಲೆ ಕೊಟ್ಟ ಏಟು. ಒಂದು ಕಾಫಿ, ಒಂದು ಕಪಾಳಮೋಕ್ಷ ಎಂದು ನಾವು ದಿನವೂ ಕೇಳಿ ನಗುತ್ತಿದ್ದೆವು. ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಅಕ್ಕನವರಿಗೆ ಮೊಟ್ಟೆಯಿಲ್ಲದ್ದನ್ನು ಕೇಳಿ ಕೊಡಿಸಿ. ಕಾಫಿಯ ಬಗ್ಗೆ ಏನೂ ಹೇಳುವುದಿಲ್ಲ. ತಲಾವಾರು ಲೆಕ್ಕದಲ್ಲಿ ಅವರು ಜಗತ್ತಿನಲ್ಲೇ ಮುಂದಿರುವವರು, ಆದರೆ ಅವರು ಕುಡಿಯುವ ತಿಳಿಯನ್ನು ನಮ್ಮ ಮನೆಯಲ್ಲಿ ಗಷ್ಟಿನ ಮೂರನೆಯ ನೀರು ಎನ್ನುತ್ತಾರೆ.

ಲೆಕ್ಕದ ಪುಸ್ತಕ

ತೋಟದವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಜೂನ್ ಕೊನೆಯಿಂದ ಮಾರುಕಟ್ಟೆಗೆ ಸ್ಟ್ರಾಬೆರಿ, ಹಸಿ ಬಟಾಣಿ ಬರುತ್ತವೆ, ಅವನ್ನು ತೂಗುವುದಿಲ್ಲ, ಲೀಟರಿನ ಪಾತ್ರೆಯಲ್ಲಿ ಅಳೆದು ಕೊಡುತ್ತಾರೆ. ಸಂತೆಯಲ್ಲಿ ಸೇರು ಪಾವುಗಳಲ್ಲಿ ಅವರೆಕಾಳು ಅಳೆಸಿಕೊಂಡ ನಮಗೆ ತುದಿಗೆ ಇನ್ನೊಂದು ಹಿಡಿ ಹಾಕಮ್ಮ ಎನ್ನುವಷ್ಟು ಸಲುಗೆ ಹುಟ್ಟುತ್ತದೆ. ಕೋಟು ಹಾಕಿದ ಗೃಹಸ್ಥರು ಟ್ರಾಮಿಗೆ ಕಾಯುತ್ತಾ ಬಟಾಣಿಯ ಸಿಪ್ಪೆ ಸುಲಿದು ಹಸಿಯಾಗಿಯೇ ಮೆಲ್ಲುವುದನ್ನು ನೋಡಬೇಕು.

ತೋಟದ ಏಲಕ್ಕಿ

ಗಿಣ್ಣಿನ ಸುದ್ದಿ ಮರೆತಿದ್ದೆ. "ಲೇಯ್ಪಾಯೂಸ್ತೊ" ಎಂಬ ಸುಟ್ಟ ಗಿಣ್ಣಿನಂಥದ್ದೊಂದು ಸಿಗುತ್ತದೆ, ಹಲ್ಲಿಗೆ ಸಿಕ್ಕಿದರೆ ಕೀಚು ಕೀಚು ಎನ್ನುತ್ತದೆ. ಹಿಂದೆ ಅದನ್ನು ಕರು ಹಾಕಿದ ಹಸುವಿನ ಮೊದಲ ಹಾಲಿನಿಂದಲೇ ಮಾಡುತ್ತಿದ್ದರಂತೆ. ಈಗಿನದು ಕಾರ್ಖಾನೆಯ ಹಾಲು, ಒಡೆಯಲು ರೆನೆಟ್ ಬಳಸುತ್ತಾರೆ, ಅದು ಕರುವಿನ ಜಠರದಿಂದ ತೆಗೆದದ್ದೂ ಆಗಿರಬಹುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕಟ್ಟಿನ ಮೇಲೆ ಬರೆದದ್ದನ್ನು ಓದಿ ತೀರ್ಮಾನಿಸಿ.

ಮಲ್ಪೆ ಕಡಲು

ತಿಂದದ್ದು ಸಾಕು, ಸೌನಾ ಎಂಬ ಅವರ ಬಿಸಿ ಹಬೆಯ ಸ್ನಾನದ ಬಗ್ಗೆ ಯಾರಾದರೂ ಧೈರ್ಯವಾಗಿ ಬಾಯಿ ಬಿಡಿ. ನಾನು ಬಾಗಿಲವರೆಗೆ ಹೋಗಿ ಒಳಗಿನವರ ಅವತಾರ ಕಂಡು ವಾಪಸು ಬಂದವನು.

ಕಲ್ಲಿಯೋದ ಕನ್ನಡತಿ

ಹೆದರುವಂಥದ್ದೇನೂ ಇಲ್ಲ. ಸಾರ್ವಜನಿಕ ಸೌನಾಗಳಲ್ಲಿ ಎರಡು ಬಗೆಯಿದೆ. ಕಡಲ ದಂಡೆಯಲ್ಲಿ 2016ರಲ್ಲಿ ತೆರೆದ ಲ್ಯೋಯ್ಲ್ಯು ಎಂಬಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಕೂರುತ್ತಾರೆ, ಈಜುಡುಗೆ ಕಡ್ಡಾಯ. ನಮ್ಮ ಕಲ್ಲಿಯೋ ಬಡಾವಣೆಯ ಕೊತಿಹರ್ಯು 1928ರಿಂದ ಸೌದೆ ಉರಿಸುತ್ತಿರುವ ಹಳೆಯ ಸೌನಾ, ಅಲ್ಲಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಭಾಗಗಳಿವೆ. ಒಳಗೆ ಯಾರೂ ಬಟ್ಟೆ ತೊಡುವುದಿಲ್ಲ, ಯಾರೂ ಯಾರನ್ನೂ ನೋಡುವುದಿಲ್ಲ. ಹೊರಗೆ ಬಂದವರು ಟವೆಲು ಸುತ್ತಿಕೊಂಡು ರಸ್ತೆಯ ಬದಿಯ ಬೆಂಚಿನ ಮೇಲೆ ಕುಳಿತು ಆವಿಯಾಡುತ್ತಾರೆ. ಐವತ್ತಾರು ಲಕ್ಷದಷ್ಟು ಜನರ ಈ ದೇಶದಲ್ಲಿ ಸೌನಾಗಳ ಸಂಖ್ಯೆ ಮೂವತ್ತು ಲಕ್ಷದ ಆಸುಪಾಸು ಎನ್ನುತ್ತಾರೆ, ಅದು ಅವರ ಬಚ್ಚಲುಮನೆ, ದೇವರಮನೆ ಎರಡೂ ಹೌದು.

ನನ್ನ ಅತ್ತೆ ಊರಿನಿಂದ ಬಂದಾಗ ಮೊದಲು ಮೂಗು ಮುರಿದರು. ನರಕಚತುರ್ದಶಿಯ ಬೆಳಿಗ್ಗೆ ಹಂಡೆಯ ಒಲೆಯ ಮುಂದೆ ಎಣ್ಣೆ ಹಚ್ಚಿಕೊಂಡು ಕೂರುವುದನ್ನು ನೆನೆಸಿಕೊಳ್ಳಿ ಅತ್ತೆ ಎಂದೆ. ಅಲ್ಲಿಂದ ಮುಂದೆ ವಾರಕ್ಕೆರಡು ಸಲ ಅವರೇ ನನ್ನನ್ನು ಎಬ್ಬಿಸಿಕೊಂಡು ಹೋಗತೊಡಗಿದರು. ರಕ್ತದೊತ್ತಡದ ಮಾತ್ರೆ ನುಂಗುವವರು ಮಾತ್ರ ವೈದ್ಯರನ್ನು ಕೇಳಿ ಹೋಗಬೇಕು, ಬಿಸಿಯಿಂದ ನೇರವಾಗಿ ತಣ್ಣೀರಿಗೆ ಹಾರುವ ಸಾಹಸವನ್ನಂತೂ ಮಾಡಲೇಬಾರದು.

ನೀರಗಂಟಿ

ಮೊಣಕಾಲು ನೋವಿರುವ ಅಕ್ಕನವರಿಗೆ ನನ್ನ ಸಲಹೆ ಗ್ರಂಥಾಲಯ. 2018ರ ಡಿಸೆಂಬರಿನಲ್ಲಿ, ದೇಶದ ಸ್ವಾತಂತ್ರ್ಯದ ದಿನದ ಹಿಂದಿನ ದಿನ, ಸಂಸತ್ ಭವನದ ಎದುರಿಗೇ ತೆರೆದ ಗ್ರಂಥಾಲಯದ ಹೆಸರು "ಓದಿ". ಫಿನ್ನಿಷಿನಲ್ಲಿ ಅದಕ್ಕೆ ಪ್ರಗಾಥವೆಂಬ ಅರ್ಥ, ನಮಗೆ ನೇರವಾದ ಅಪ್ಪಣೆ. ಲಿಫ್ಟಿನಲ್ಲಿ ಮೇಲಿನ ಅಂತಸ್ತಿಗೆ ಹೋದರೆ ಪುಸ್ತಕ, ಮರದ ನೆಲ, ಗಾಜಿನ ಗೋಡೆ, ಹೊರಗಿನ ಬಾಲ್ಕನಿಯಿಂದ ಕಾಣುವ ಸಂಸತ್ತು. ನಡುವಿನ ಅಂತಸ್ತಿನಲ್ಲಿ ಹೊಲಿಗೆ ಯಂತ್ರಗಳಿವೆ. ಹರಿದ ಕೋಟು ತಂದು ಹೊಲಿದುಕೊಳ್ಳುತ್ತಿದ್ದ ಹುಡುಗನೊಬ್ಬನನ್ನು ನೋಡಿದೆ. ಒಳಗೆ ಹೋಗಲು ದುಡ್ಡಿಲ್ಲ, ಗುರುತಿನ ಚೀಟಿಯಿಲ್ಲ, ಎಷ್ಟು ಹೊತ್ತು ಕುಳಿತರೂ ಏಳಿ ಎನ್ನುವವರಿಲ್ಲ.

ಹೆಬ್ಬಾಳ ಮೇಲ್ಸೇತುವೆ

ಇಷ್ಟೆಲ್ಲ ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ಸಡಿಲಿಸುತ್ತೇನೆ. ಒಂದು ದಿನ ಸಾಲದು, ಎರಡು ದಿನ ಸರಿ. ಮೂರನೆಯ ದಿನ ಹಡಗು ಹತ್ತಿ ಎಸ್ಟೋನಿಯಾದ ರಾಜಧಾನಿ ತಾಲಿನ್ನಿಗೆ ಹೋಗಿಬನ್ನಿ. ಎರಡು ಗಂಟೆಯ ಪ್ರಯಾಣ, ಅದೇ ವೀಸಾ, ಅದೇ ಯೂರೋ, ಪಾಸ್‌ಪೋರ್ಟ್ ಜೊತೆಗಿರಲಿ. ಅಲ್ಲಿಯ ಹಳೆಯ ಊರು ಮಧ್ಯಯುಗದ ಗೋಡೆ, ಗೋಪುರಗಳೊಡನೆ ಹಾಗೇ ನಿಂತಿದೆ. ನೋಡುವಂಥ ಊರು ಎಂದರೆ ಅದು.

ವಿಭಕ್ತಿ

ಈ ಹೋಲಿಕೆಗೆ ನಾಲ್ಕೂಮುಕ್ಕಾಲು ಶತಮಾನದ ವಯಸ್ಸಾಗಿದೆ. ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ 1550ರಲ್ಲಿ ಹೆಲ್ಸಿಂಕಿಯನ್ನು ಸ್ಥಾಪಿಸಿದ್ದೇ ತಾಲಿನ್ನಿನ ವ್ಯಾಪಾರವನ್ನು ಕಸಿದುಕೊಳ್ಳಲೆಂದು. ನಾಲ್ಕು ಪಟ್ಟಣಗಳ ವರ್ತಕರನ್ನು ಗಂಟುಮೂಟೆ ಕಟ್ಟಿಸಿ ಬಲವಂತದಿಂದ ಇಲ್ಲಿಗೆ ಕಳಿಸಿದ. ಅವರಿಗೂ ಊರು ರುಚಿಸಲಿಲ್ಲ, ವ್ಯಾಪಾರವೂ ಕುದುರಲಿಲ್ಲ. 1640ರಲ್ಲಿ ಊರನ್ನೇ ಎತ್ತಿ ಈಗಿನ ಜಾಗಕ್ಕೆ ತಂದರು. 1812ರಲ್ಲಿ ರಷ್ಯಾದ ಚಕ್ರವರ್ತಿ ರಾಜಧಾನಿಯನ್ನು ತುರ್ಕುವಿನಿಂದ ಇಲ್ಲಿಗೆ ಬದಲಾಯಿಸಿ, ಬರ್ಲಿನ್ನಿನಲ್ಲಿ ಹುಟ್ಟಿದ ಎಂಗೆಲ್ ಎಂಬ ವಾಸ್ತುಶಿಲ್ಪಿಗೆ ಊರು ಕಟ್ಟಲು ಬಿಟ್ಟ ಮೇಲೆಯೇ ಬಿಳಿಯ ಚರ್ಚು, ಅದರ ಮುಂದಿನ ಚೌಕ ಎಲ್ಲ ಬಂದದ್ದು. ಮಧ್ಯಯುಗವನ್ನು ಹೆಲ್ಸಿಂಕಿಯಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಲೆಕ್ಕದ ಪುಸ್ತಕ

ವಿಮಾನ ನಿಲ್ದಾಣದಿಂದ ಊರಿಗೆ ರೈಲಿದೆ, ಅರ್ಧ ಗಂಟೆಯ ದಾರಿ. ನಿಲ್ದಾಣ ಸಿ ವಲಯದಲ್ಲಿರುವುದರಿಂದ ಎಬಿಸಿ ಟಿಕೆಟ್ ಬೇಕು. ಊರೊಳಗಿನ ಟ್ರಾಮಿಗೆ, ಕೋಟೆಯ ದೋಣಿಗೆ ಎಬಿ ಸಾಕು. ಬಾಗಿಲಲ್ಲಿ ಗೇಟುಗಳಿಲ್ಲ, ಯಾರೂ ಕೇಳುವುದಿಲ್ಲವೆಂದುಕೊಂಡು ನನ್ನ ಗೆಳೆಯನೊಬ್ಬ ಎಬಿ ಟಿಕೆಟಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟ, ತಪಾಸಣೆಯವರು ಬಂದರು, ದಂಡ ಕಟ್ಟಿದ ದುಃಖದಲ್ಲಿ ವಿಮಾನದ ಊಟವನ್ನೂ ಮಾಡಲಿಲ್ಲ. ಇನ್ನು ರಸ್ತೆ ದಾಟುವಾಗ ನಮ್ಮಂತೆ ಕೈ ಅಡ್ಡ ಚಾಚಿ ಓಡಬೇಕಾಗಿಲ್ಲ. 2024ರ ಜುಲೈಯಿಂದ ಒಂದು ಇಡೀ ವರ್ಷ ಆ ಊರಿನ ರಸ್ತೆಗಳಲ್ಲಿ ಅಪಘಾತದಿಂದ ಒಬ್ಬರೂ ಸಾಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿ ಇಟ್ಟಿದ್ದಾರೆ.

ಗರಡಿಮನೆ ಬೆಳಗಾವಿ

ಹಳೆಯ ಹುಬ್ಬಳ್ಳಿಯ ಪೇಟೆಯಲ್ಲಿ ಸಂಜೆ ಆರಕ್ಕೆ ಅಷ್ಟು ವೇಗ ಸಿಕ್ಕರೆ ನಾವು ಹಬ್ಬ ಮಾಡುತ್ತೇವೆ.

ಸಪ್ತಾಪುರದ ಮಾಸ್ತರ

ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ಪ್ರವಾಸವನ್ನು ಜೂನ್ 25ರ ಗುರುವಾರದಿಂದ 29ರ ಸೋಮವಾರದವರೆಗೆ ಮುಂದಕ್ಕೆ ಹಾಕಿದ್ದೇವೆ. ಹಗಲು ಆಗ ಕೆಲವು ನಿಮಿಷ ಮಾತ್ರ ಕಡಿಮೆಯಾಗಿರುತ್ತದೆ, ಭೂಗೋಳದ ಮಾಸ್ತರನ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ನಾಲ್ಕು ದಿನವೂ ಹೆಲ್ಸಿಂಕಿಗೇ ಇಟ್ಟಿದ್ದೇನೆ. ತಾಲಿನ್ನಿಗೆ ಹೋಗುವುದು ಬಿಡುವುದು ಮೊಣಕಾಲಿಗೆ ಬಿಟ್ಟದ್ದು. ಹೆಬ್ಬಾಳದವರು ಬೇಸರಿಸಬಾರದು, ನೋಡಿ ಮುಗಿಸುವ ಅವಸರ ನಮಗೆ ಇಲ್ಲ. ರಾತ್ರಿ ಹತ್ತೂವರೆಗೆ ಬಿಸಿಲಿನಲ್ಲಿ ಕುಳಿತು ಪೇಪರ್ ಓದಿದರೆ ನನ್ನ ಟಿಕೆಟಿನ ದುಡ್ಡು ಬಂತು.

ಕೊನೆಯದೊಂದು ಪ್ರಶ್ನೆ. ಮಗಳಿಗೆಂದು ಎರಡು ಕಿಲೋ ಧಾರವಾಡ ಪೇಡೆ ಒಯ್ಯುವುದಿದೆ. ಹೆಲ್ಸಿಂಕಿಯ ಬಿಸಿಲಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆಯೇ?

ಅಮ್ಮನೊಡನೆ ಪ್ರವಾಸ

ಕೆಡುವ ಪ್ರಶ್ನೆ ಬರುವುದಿಲ್ಲ, ಏಕೆಂದರೆ ಅದು ವಿಮಾನ ನಿಲ್ದಾಣ ದಾಟುವುದಿಲ್ಲ. ಹೊರಗಿನ ದೇಶಗಳಿಂದ ಯುರೋಪಿಯನ್ ಒಕ್ಕೂಟಕ್ಕೆ ಬರುವ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥವನ್ನೂ ತರುವಂತಿಲ್ಲ. ಪೇಡೆಯೆಂದರೆ ಹೆಚ್ಚುಕಡಿಮೆ ಹಾಲೇ ಅಲ್ಲವೇ ಮಾಸ್ತರರೇ.

ಗರಡಿಮನೆ ಬೆಳಗಾವಿ

ಕುಂದಾಕ್ಕೂ ಇದೇ ಗತಿಯೆಂದಾಯಿತು. ಗೋಕಾಕದ ಕರದಂಟು ಒಯ್ಯಿರಿ ಎನ್ನೋಣವೆಂದರೆ ಅದಕ್ಕೂ ತುಪ್ಪ ಬೀಳುತ್ತದೆ.

ಸಪ್ತಾಪುರದ ಮಾಸ್ತರ

ಅಡುಗೆಮನೆಯಿಂದ ತೀರ್ಪು ಬಂದಿದೆ: ಎಣ್ಣೆ ಹಾಕಿ ಬೇಯಿಸಿದ ಶೇಂಗಾ ಹೋಳಿಗೆ, ಜೊತೆಗೆ ಅಗಸಿ ಹಿಂಡಿ. ಕಲ್ಲಿಯೋದ ತಂಗಿ, ಹಕನಿಯೆಮಿಯ ಹತ್ತಿರವೇ ಕೊಠಡಿ ಹಿಡಿದಿದ್ದೇವೆ, ನಿನ್ನ ಪಾಲಿನ ಹತ್ತು ಹೋಳಿಗೆಯನ್ನು ಬೇರೆಯೇ ಕಟ್ಟಿಡುತ್ತಾರಂತೆ.